ಈ ವರ್ಷ ಸಂಕ ಕಟ್ಟುದು ಬೇಡ

ಊರಿನ ಕಷ್ಟ ಪತ್ತೆ ಹಚ್ಚುವುದಕ್ಕೂ ಈಗ ಒಂದು ಡಿಗ್ರಿ ಇದೆ. ಪುತ್ತೂರಿನ ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯು ಕೊನೆಯ ವರ್ಷದಲ್ಲಿದ್ದ ಭವಿತಾ ಅದರಲ್ಲಿ ತರಗತಿಗೇ ಮೊದಲಿಗಳು. ಜನರ ವಿಶ್ವಾಸ ಗಳಿಸುವುದು ಹೇಗೆ ಎಂದು ಅವಳು ಬರೆದ ಉತ್ತರವನ್ನು ಮೇಡಂ ಎಲ್ಲರಿಗೂ ಓದಿ ಹೇಳಿದ್ದರು. ಸೇವಾಸಂಸ್ಥೆಗಳಲ್ಲಿ ಕೆಲಸ ಮಾಡಬಯಸುವವರಿಗೆಂದು ಕಾಲೇಜು ನಡೆಸಿದ ಶಿಬಿರಕ್ಕೆ ಮಂಗಳೂರಿನ ಸಂಸ್ಥೆಯೊಂದರಿಂದ ಬಂದ ಶಶಾಂಕ ಸರ್ ಅವಳನ್ನೇ ಆರಿಸಿದರು. ಫೀಲ್ಡ್‌ವರ್ಕಿಗೆ ಅವಳ ಊರನ್ನೇ ಕೊಟ್ಟು, ಒಂದು ಯೋಜನೆ ಮಂಜೂರಾದರೆ ಕೆಲಸ ಖಾಯಂ ಎಂದರು.

ಆಲಂಕಾರು ಪೇಟೆಯಿಂದ ಒಳಗೆ ಹೋದರೆ ಆ ಊರು. ಹೊಳೆಯ ಈಚೆ ರಸ್ತೆ, ಶಾಲೆ, ಭವಿತಾಳ ಮನೆ. ಆಚೆ ಉಳಿದ ಮನೆಗಳು. ನಡುವೆ ಅಡಕೆ ಮರಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ. ಮಳೆ ಹಿಡಿಯುವ ಮುನ್ನ, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ, ಮನೆಗೊಂದು ಮರದಂತೆ ತಂದು ಹಳೆಯದನ್ನು ಕಿತ್ತು ಹೊಸದು ಕಟ್ಟುವುದು ಪ್ರತಿ ವರ್ಷದ ರೂಢಿ. ಅದನ್ನು ಯಾರೂ ಯಾರಿಗೂ ನೆನಪಿಸಬೇಕಾಗಿರಲಿಲ್ಲ.

ಭವಿತಾ ಕಾಂಕ್ರೀಟ್ ಸೇತುವೆಗೆ ಯೋಜನೆ ಬರೆದಳು. ಶಶಾಂಕ ಸರ್ ಬೆನ್ನು ತಟ್ಟಿದರು.

"ಹಣ ಕೊಡುವ ಕಂಪನಿಯವರು ನೋಡ್ಲಿಕ್ಕೆ ಬರ್ತಾರೆ. ಅಲ್ಲಿವರೆಗೆ ಹಳೆ ಸಂಕ ಹಾಗೇ ಇರಲಿ. ಹೊಸ ಮರ ಹಾಕಿದ್ರೆ ಕಷ್ಟ ಕಾಣುದಿಲ್ಲ."

ಅವರದೇನು, ಮಂಗಳೂರಿನಲ್ಲಿ ಕೂತು ಹೇಳಿದರು. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದವಳು ಇವಳು. ಮರ ಕಡಿಯಲು ಕತ್ತಿ ಮಸೆಯುತ್ತಿದ್ದ ಆಚೆ ದಡದ ಕುಕ್ಕಪ್ಪ ಮಾತ್ರ ಒಪ್ಪದೆ ತಲೆಯಾಡಿಸಿದ.

"ಬುಡ ಎಲ್ಲ ಕೊಳೆತು ಕುಂಬಾಗಿದೆ ಮಾರಾಯ್ತಿ. ಇದು ಮಳೆ ತಡೆಯುದಿಲ್ಲ."

"ಮಳೆಗೆ ಮೊದಲೇ ಅವರು ಬರ್ತಾರೆ ಕುಕ್ಕಪ್ಪಣ್ಣ. ಈ ವರ್ಷ ಸಂಕ ಕಟ್ಟುದು ಬೇಡ. ಮುಂದಿನ ವರ್ಷ ನಿಮ್ಮ ಅಂಗಳಕ್ಕೆ ಜೀಪೇ ಬರ್ತದೆ."

"ನಮ್ಮ ಭವಿತಾ ಹೇಳಿದ ಮೇಲೆ ಮತ್ತೆ ಎಂತ ಉಂಟು?" ಎಂದಳು ಕುಕ್ಕಪ್ಪನ ಪಕ್ಕದ ಮನೆಯ ಲೋಲಾಕ್ಷಿ. ಅವಳ ಮಗಳು ಜಶ್ವಿತಾ ಎರಡನೇ ಕ್ಲಾಸು. ದಿನವೂ ಆ ಸಂಕ ದಾಟಿಯೇ ಶಾಲೆಗೆ ಹೋಗುವವಳು. ಕುಕ್ಕಪ್ಪ ಕತ್ತಿಯನ್ನು ಒಳಗಿಟ್ಟ.

ಪತ್ತನಾಜೆ ಕಳೆಯಿತು. ಕಂಪನಿಯವರು ಇವತ್ತು, ನಾಳೆ, ಮುಂದಿನ ವಾರ ಎಂದರು. ಮಳೆ ಮಾತ್ರ ಮಾತಿಗೆ ತಪ್ಪಲಿಲ್ಲ. ಹೊಳೆ ಕೆಂಪಾಗಿ ಏರಿತು. ಇನ್ನು ಹೊಸ ಮರ ಕಟ್ಟುವುದು ಯಾರಿಂದಲೂ ಆಗದು. ಜನ ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು ದಾಟತೊಡಗಿದರು. ಭವಿತಾ ಹೆದರಿ ಫೋನ್ ಮಾಡಿದಳು.

"ಒಳ್ಳೇದೇ ಆಯ್ತಲ್ಲ," ಎಂದರು ಶಶಾಂಕ ಸರ್. "ಶಾಲೆ ಶುರುವಾದ ಮೇಲೆ ಬರ್ತಾರೆ. ಯೂನಿಫಾರ್ಮ್ ಹಾಕಿದ ಮಗು ಒಂದೇ ದಾಟ್ಲಿ. ನಡುವೆ ನಿಂತು ನಗ್ಲಿಕ್ಕೆ ಹೇಳಿಕೊಡಿ."

ಆಗಲಾದರೂ ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಒಂದು ಫೋಟೋ ಆಗಿಬಿಟ್ಟರೆ ಸೇತುವೆ ಬಂದ ಹಾಗೆಯೇ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಕೆಲಸದ ಆಸೆ ಅವಳಿಂದ ಹಾಗೆ ಮಾಡಿಸಿತು. ಲೋಲಾಕ್ಷಿಯ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಜಶ್ವಿತಾಳನ್ನು ಅದರ ಮೇಲೆ ನಡೆಸಿದಳು.

"ನಡುವೆ ನಿಲ್ಲುದು, ಈಚೆ ನೋಡುದು, ನಗುದು. ಆಯ್ತಾ?"

"ಆಯ್ತು ಅಕ್ಕ," ಎಂದಿತು ಮಗು.

ಕಂಪನಿಯವರ ಕಾರು ಬಂದ ದಿನ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಈಚೆ ದಡದಲ್ಲಿ ಕೊಡೆಗಳು ಬಿಚ್ಚಿಕೊಂಡವು, ಕ್ಯಾಮೆರಾ ಸಿದ್ಧವಾಯಿತು. ನೀರು ಸಂಕವನ್ನು ಮುಟ್ಟಿತ್ತು. ನಡುವಿನ ಮರ ಮೆಲ್ಲಗೆ ಅಲುಗುತ್ತಿರುವುದು ಭವಿತಾಳ ಕಣ್ಣಿಗೆ ಬಿತ್ತು. ಕಂಪನಿಯವರ ಜೊತೆ ಬಂದಿದ್ದ ಶಶಾಂಕ ಸರ್ ಕಡೆ ತಿರುಗಿದಳು.

"ಸರ್, ಬೇಡ."

"ಐದೇ ನಿಮಿಷ ಭವಿತಾ. ಅವರು ಇಷ್ಟು ದೂರದಿಂದ ಬಂದಿದ್ದಾರೆ."

ಆಚೆ ದಡದಲ್ಲಿ ಲೋಲಾಕ್ಷಿ ಇವಳನ್ನು ಗುರುತಿಸಿ, ನಂಬಿಕೆಯಿಂದ ಮಗಳ ಕೈ ಬಿಟ್ಟಳು.

"ಬರ್ಬೇಡ ಜಶ್ವಿತಾ, ಬರ್ಬೇಡ," ಭವಿತಾ ಗಂಟಲು ಹರಿಯುವಂತೆ ಕೂಗಿದಳು. ಹೊಳೆಯ ಸದ್ದಿನಲ್ಲಿ ಅದು ಪಕ್ಕದಲ್ಲಿದ್ದವರಿಗೇ ಸರಿಯಾಗಿ ಕೇಳಿಸಲಿಲ್ಲ. ಅವಳು ಸಂಕದ ಕಡೆ ಓಡಿದಳು.

ಅಷ್ಟರಲ್ಲಿ ಸಂಕದ ನಡುವಿಗೆ ಬಂದಿದ್ದ ಮಗುವಿನ ಕಾಲಡಿಯ ಮರ ಹೊರಳತೊಡಗಿತ್ತು. ಜಶ್ವಿತಾ ಕಲಿತದ್ದನ್ನು ಮರೆತಿರಲಿಲ್ಲ. ನಡುವೆ ನಿಂತಳು, ಈಚೆ ನೋಡಿದಳು, ನಕ್ಕಳು.