ಡ್ರಮ್ಮು ನಿಂತ ಮೇಲೆ

“ಏಯ್ ಇದ್ದಿಲು ಮೂತಿ, ಕೈ ತೊಳ್ಕೊಂಡು ಮುಟ್ಟೇ! ಬಿಳಿ ಚಾದರಕ್ಕೆ ನಿನ್ ಬಣ್ಣ ಹತ್ತಿದ್ರೆ ಯಾವ ಸೋಪಿಗೂ ಹೋಗಲ್ಲ!”

ಮೇಸ್ತ್ರಿ ಅಜ್ಜಿಯ ಕಿವಿಗೆ ಬಾಯಿ ಹಚ್ಚಿ ಕಿರುಚಿದ. ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಆಸ್ಪತ್ರೆ ಚಾದರ ಮಡಿಸುತ್ತಿದ್ದ ಮುದುಕಿಗೆ ಎಲ್ಲರೂ ಅಜ್ಜಿ ಅಂತಲೇ ಅನ್ನುತ್ತಿದ್ದರು. ಕಿರುಚದಿದ್ದರೆ ಅಲ್ಲಿ ಏನೂ ಕೇಳಿಸುವುದಿಲ್ಲ. ಆಳೆತ್ತರದ ಎಂಟು ಡ್ರಮ್ಮುಗಳು ಬೆಳಗಿನಿಂದ ಸಂಜೆಯವರೆಗೆ ಗಡಗಡ ತಿರುಗುತ್ತಿರುತ್ತವೆ. ಮೇಸ್ತ್ರಿಯ ಜನ ಬೆಳ್ಳಗೆ, ಒಗೆಯುವ ಹೆಂಗಸರೆಲ್ಲ ಕಪ್ಪಗೆ. ಡ್ರಮ್ಮು ತಿರುಗುವಷ್ಟು ಹೊತ್ತೂ ಅವನ ನಾಲಿಗೆಗೆ ಬಿಡುವಿಲ್ಲ. ಮೇಲಿನ ಆಫೀಸಿನ ಕಿಟಕಿಗೆ ಅವನ ಬಾಯಾಡುವುದು ಕಾಣುತ್ತಿತ್ತೇ ಹೊರತು ಮಾತು ಮುಟ್ಟುತ್ತಿರಲಿಲ್ಲ. ಅಲ್ಲಿದ್ದವರ ಕಣ್ಣಿಗೆ ಅವನು ಪಾಪ, ಗಂಟಲು ಹರಿದುಕೊಂಡು ಕೆಲಸ ಕಲಿಸುವ ಪುಣ್ಯಾತ್ಮ.

ಹೆಂಗಸರೇನು ಕಮ್ಮಿಯೇ? ಅದೇ ಸದ್ದಿನ ಮರೆಯಲ್ಲಿ ಅವರೂ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಅದರಲ್ಲಿ ಎಲ್ಲರಿಗಿಂತ ಮುಂದೆ ಗಂಟಲಕ್ಕ. ಹನ್ನೊಂದು ವರ್ಷ ಡ್ರಮ್ಮಿನ ಜೊತೆ ಪೈಪೋಟಿಗಿಳಿದು ಪಳಗಿದ ಗಂಟಲು ಅವಳದು. ಮನೆಯಲ್ಲಿ ಮಗಳ ಕಿವಿಯಲ್ಲಿ ಗುಟ್ಟು ಹೇಳಿದರೂ ಬೀದಿಯವರೆಲ್ಲ ಹೂಂಗುಟ್ಟುತ್ತಿದ್ದರು.

ಅವತ್ತು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡು ಗಂಟಲಕ್ಕನಿಗೆ ರೇಗಿಹೋಯಿತು. ಬೆನ್ನು ತಿರುಗಿಸಿ ಹೊರಟ ಮೇಸ್ತ್ರಿಯ ಕಡೆ ಕೈ ನೀಡಿ, “ಥೂ, ಬೋಳಿಮಗನೇ! ಈ ಬಿಳಿ ಹಲ್ಲಿ ಕುಲಾನೆಲ್ಲ ಒಂದಿನ ಬಿಸಿಲಿಗೆ ಹಾಕಿದ್ರೆ...” ಅಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಎಂಟು ಡ್ರಮ್ಮೂ ಒಟ್ಟಿಗೆ ಗಪ್‌ಚಿಪ್. ಗಂಟಲಕ್ಕನ ಗಂಟಲು ಮಾತ್ರ ನಿಲ್ಲಲಿಲ್ಲ.

“...ಸೀದು ಕರಕಾಗಿ ಸಂಜೆ ಹೊತ್ತಿಗೆ ಇವ್ನೂ ನಮ್ಮೋನೇ ಆಗ್ತಾನೆ!”

ಮಾತು ತಗಡಿನ ಮಾಡಿಗೆ ಬಡಿದು ಎರಡು ಸಲ ವಾಪಸ್ಸು ಬಂತು. ಮೇಲೆ ಆಫೀಸಿನಲ್ಲಿ ಗುತ್ತಿಗೆ ಮಾತಾಡಲು ಬಂದಿದ್ದ ಆಸ್ಪತ್ರೆಯವರ ಟೀ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

ಹತ್ತು ನಿಮಿಷದಲ್ಲಿ ಗಂಟಲಕ್ಕ ಮೇಡಂ ಮುಂದೆ ನಿಂತಿದ್ದಳು. ಕಾರ್ಖಾನೆಯಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಅನ್ನುವುದು ಆ ಮೇಡಂ ಕೈಯಲ್ಲಿತ್ತು. ಮೇಸ್ತ್ರಿ ಪಕ್ಕದಲ್ಲೇ ಮುಖ ಬಾಡಿಸಿಕೊಂಡು ಕೂತಿದ್ದ.

“ಮಾತಾಡೋ ಸ್ವಾತಂತ್ರ್ಯ ಎಲ್ರಿಗೂ ಇದೆಯಮ್ಮ. ಆದ್ರೆ ಅದಕ್ಕೊಂದು ಮಿತಿ ಅಂತ ಇದೆ. ಜನಾಂಗ, ಬಣ್ಣ ಎತ್ತಿ ಬೈದ್ರೆ ಕೆಲಸದಿಂದ ತೆಗೀತೀವಿ. ಗೋಡೆ ಮೇಲೆ ಬೋರ್ಡ್ ಹಾಕಿದೀವಲ್ಲ, ನೋಡಿಲ್ವಾ?”

“ನೋಡದೇ ಏನ್ ಮೇಡಂ, ಅದರ ಧೂಳು ಒರೆಸೋಳೇ ನಾನು. ಈ ಮೇಸ್ತ್ರಿ ದಿನಾ ಅದಕ್ಕೇ ಒರಗಿ ನಿಂತ್ಕೊಂಡು ನಮ್ಮನ್ನ ಇದ್ದಿಲು ಮೂತಿ ಅಂತಾನೆ.”

“ಯಾರು ಕೇಳಿದಾರೆ?”

“ನಾವು ನಲವತ್ತು ಜನ.”

“ನೀವಲ್ಲಮ್ಮ. ಬೇರೆ ಯಾರಾದ್ರೂ?”

ಮೇಸ್ತ್ರಿ ಹಲ್ಲು ಕಿರಿದ. “ತಮಾಷೆಗೆ ಏನೋ ಅಂದಿರ್ತೀನಿ ಮೇಡಂ. ನಾವೆಲ್ಲ ಒಂದೇ ಮನೆಯವರ ಥರ.”

“ಹಂಗಾದ್ರೆ ನಾನೂ ಮನೆಯವಳ ಥರಾನೇ ಅಂದಿದ್ದು!” ಅಂದಳು ಗಂಟಲಕ್ಕ.

ಮೇಡಂ ಒಂದು ಕಾಗದ ಮುಂದಿಟ್ಟಳು. ಅದರಲ್ಲಿದ್ದದ್ದು ಎರಡೇ ಸಾಲು. ಮೇಸ್ತ್ರಿಯ ಜನಾಂಗವನ್ನು ಹೀಯಾಳಿಸಿದ್ದು ನನ್ನ ತಪ್ಪು ಅಂತ ಒಂದು. ಈ ಕಾರ್ಖಾನೆಯಲ್ಲಿ ನನ್ನನ್ನಾಗಲಿ ನನ್ನವರನ್ನಾಗಲಿ ಯಾರೂ ಯಾವತ್ತೂ ಹೀಯಾಳಿಸಿಲ್ಲ ಅಂತ ಇನ್ನೊಂದು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಕೆಲಸವೂ ಹೋಯಿತು, ಕಾರ್ಖಾನೆ ಕೊಟ್ಟ ಕೋಣೆಯೂ ಹೋಯಿತು. ಸಂಜೆಗೆ ಮಗಳ ಸಮೇತ ಬೀದಿಗೆ.

“ಮೊದಲನೇದಕ್ಕೆ ಹತ್ತು ಬೆರಳೂ ಒತ್ತೇನು. ಅಂದಿದ್ದು ಅಂದೆ, ತಪ್ಪೇ. ಎರಡನೇದು ಅಜ್ಜೀನ ಕೇಳಿ ಹೇಳ್ತೀನಿ,” ಎಂದು ಕಾಗದ ಹಿಡಿದು ಕೆಳಗಿಳಿದಳು. ಮೆಟ್ಟಿಲು ಇಳಿಯುವಷ್ಟೂ ಮಗಳ ಮುಖವೇ ಕಣ್ಣಿಗೆ ಕಟ್ಟಿತ್ತು.

ಕರೆಂಟು ಬಂದು ಡ್ರಮ್ಮುಗಳು ಮತ್ತೆ ಗಡಗಡ ಶುರುಮಾಡಿದ್ದವು. ಅವಳು ಕಾಗದದಲ್ಲಿದ್ದದ್ದನ್ನು ಕಿರುಚಿ ಹೇಳಿದಳು. ಅಜ್ಜಿ ತುಟಿ ನೋಡಿಯೇ ಅರ್ಥ ಮಾಡಿಕೊಂಡಳು.

“ಮಗಳ ಮುಖ ನೋಡಿ ಹಾಕ್ಬಿಡವ್ವಾ,” ಅಂದಳು ಅಜ್ಜಿ. “ನಂಗೇನು, ಅಭ್ಯಾಸ ಆಗೋಗಿದೆ.”

ಆ ಅಭ್ಯಾಸ ಅನ್ನುವ ಮಾತು ಗಂಟಲಕ್ಕನ ಎದೆಗೆ ಚುಚ್ಚಿತು. ಅಷ್ಟರಲ್ಲಿ ಮೇಸ್ತ್ರಿ ಹಿಂದೆಯೇ ಇಳಿದು ಬಂದ. ಸದ್ದಿನ ಒಳಗೆ ಕಾಲಿಟ್ಟದ್ದೇ ತಡ, ಬಾಡಿದ್ದ ಮುಖ ಅರಳಿತು. “ಏನ್ರೇ ಗುಸುಗುಸು? ಇದ್ದಿಲು ಮೂಟೆಗಳಾ! ಕರಿ ಮುಂಡೇವಾ! ನಿಮ್ಗೆ ಕೆಲಸ ಕೊಟ್ಟಿದ್ದೇ...”

ಗಂಟಲಕ್ಕನ ಪಕ್ಕದ ಕಂಬದಲ್ಲಿ ಎಂಟು ಡ್ರಮ್ಮನ್ನೂ ಒಟ್ಟಿಗೆ ನಿಲ್ಲಿಸುವ ಕೆಂಪು ಗುಂಡಿಯಿತ್ತು. ಯಾರದಾದರೂ ಕೈ ಸಿಕ್ಕಿಬಿದ್ದರೆ ಮಾತ್ರ ಒತ್ತಬೇಕು, ಸುಮ್ಮನೆ ಒತ್ತಿದವರ ಕೆಲಸ ಹೋಗುತ್ತದೆ. ಹೋಗುವುದು ಹೇಗೂ ಹೋಗುತ್ತದಲ್ಲ! ಒತ್ತಿಯೇ ಬಿಟ್ಟಳು.

“...ಹೆಚ್ಚು! ನಿಮ್ ಕುಲಾನೇ ಡ್ರಮ್ಮಿಗೆ ಹಾಕಿ ಹಿಂಡ್ಬೇಕು!”

ಅವನದೂ ಡ್ರಮ್ಮಿನ ಮುಂದೆ ಪಳಗಿದ ಗಂಟಲೇ. ತಗಡು ಅವನ ಮಾತನ್ನೂ ಎರಡು ಸಲ ವಾಪಸ್ಸು ಕಳಿಸಿತು, ಕಪ್ಪು ಬಿಳುಪು ನೋಡಲಿಲ್ಲ. ಮೇಡಂ ಕಿಟಕಿಗೆ ಬಂದಳು. ಅವಳ ಹಿಂದೆ ಆಸ್ಪತ್ರೆಯವರೂ ಇಣುಕಿದರು.

“ಮೇಡಂ!” ಅಂದಳು ಗಂಟಲಕ್ಕ. “ಬೇರೆ ಯಾರಾದ್ರೂ ಕೇಳಿದ್ರಾ?”

ಮೇಡಂ ಕೆಳಗೆ ನೋಡಿದಳು, ಹಿಂದೆ ನೋಡಿದಳು. ಆಮೇಲೆ ಮೆಲ್ಲಗೆ ಪರದೆ ಎಳೆದಳು.

ಗಂಟಲಕ್ಕ ಕಾಗದವನ್ನು ಎರಡು ತುಂಡು ಮಾಡಿದಳು. ಮೊದಲ ಸಾಲಿನ ಕೆಳಗೆ ಸಹಿ ಹಾಕಿ ಚಾದರದ ಗುಡ್ಡೆ ಮೇಲಿಟ್ಟಳು. ಎರಡನೆಯದನ್ನು ನಿಂತ ಡ್ರಮ್ಮಿನೊಳಗೆ ಎಸೆದಳು.

ಮೇಸ್ತ್ರಿ ಪರದೆಯತ್ತ ಕಳ್ಳನೋಟ ಹಾಯಿಸಿ, ತುಟಿಯಲ್ಲೇ, “ಸ್ವಿಚ್ ಹಾಕ್ರೇ,” ಅಂದ. ನಲವತ್ತು ಜನರಲ್ಲಿ ಒಬ್ಬರೂ ಸ್ವಿಚ್ಚಿನ ಹತ್ತಿರ ಸುಳಿಯಲಿಲ್ಲ. “ಹಾಕ್ರಮ್ಮಾ,” ಅಂತ ಪಿಸುಗುಟ್ಟಿದ.

ಅಜ್ಜಿ ಕೈಲಿದ್ದ ಚಾದರ ಕೆಳಗಿಟ್ಟು, ಕಿವಿಗೆ ಅಂಗೈ ಅಡ್ಡ ಹಿಡಿದು ಅವನ ಹತ್ತಿರ ಬಂದಳು.

“ಏನ್ ಸ್ವಾಮಿ? ಕೇಳಿಸ್ಲಿಲ್ಲ. ಜೋರಾಗಿ ಹೇಳಿ.”