ಕಂಪ್ಲಿಗಿಂತ ಒಂದು ಪರ್ಸೆಂಟು ಹೆಚ್ಚು

ಕಥೆಯನ್ನು ಪರ್ಸೆಂಟಿನಿಂದ ಶುರು ಮಾಡಲೇ? ಹೊಸಪೇಟೆ, ಕಂಪ್ಲಿ, ಸಂಡೂರು, ಮೂರೂ ಊರಿನ ಹೈಸ್ಕೂಲುಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಅಕ್ಕಪಕ್ಕ ಇಟ್ಟರೆ ನೀವು ಪುಟ ಮಗುಚುತ್ತೀರಿ. ಕಾಲುವೆಯಿಂದ ಶುರು ಮಾಡಿದರೆ ಕಥೆ ಭತ್ತದ ಗದ್ದೆಯಲ್ಲೇ ಹೂತುಹೋಗುತ್ತದೆ. ಬೇಡ. ಉಚ್ಚೆಂಗಮ್ಮನಿಂದಲೇ ಶುರು ಮಾಡುತ್ತೇನೆ.

೧

೧೯೭೮ರ ಡಿಸೆಂಬರ್. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಉಚ್ಚೆಂಗಮ್ಮ ಗಣಿತದ ಟೀಚರು, ಹತ್ತನೆಯ ತರಗತಿಗೆ ಕ್ಲಾಸ್ ಟೀಚರೂ ಹೌದು. ಅವಳು ಸಹಿ ಹಾಕಿದ ಅರ್ಜಿಗಳಷ್ಟೇ ಪರೀಕ್ಷೆಗೆ ಹೋಗುತ್ತವೆ. ಹೆಡ್ಮಾಸ್ಟರ್ ಮರಿಸ್ವಾಮಿ ಅರ್ಜಿಗಳನ್ನು ಅವಳ ಮುಂದಿಟ್ಟರು.

"ಹೋದ ವರ್ಷ ಕಂಪ್ಲಿಯವ್ರು ನಮ್ಮನ್ನ ಹಿಂದ ಹಾಕಿದ್ರು. ಈ ಸರ್ತಿ ಫೇಲಾಗೋರ್ನ ಈಗ್ಲೇ ತೆಗೀರಿ ಮೇಡಂ. ಪ್ರೈವೇಟಾಗಿ ಕಟ್ಲಿ."

(ಪ್ರೈವೇಟಾಗಿ ಕಟ್ಟಿದವರು ಫೇಲಾದರೆ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಅವರು ಶಾಲೆಗೂ ಬರುವಂತಿಲ್ಲ.)

ತೆಗೆಯಬೇಕಾದವಳು ಕಡ್ಡಿರಾಂಪುರದ ವಿರುಪಮ್ಮ. ನಾಟಿಯ ದಿನಗಳಲ್ಲಿ ಗದ್ದೆಗೆ ಹೋಗಿ ಗಣಿತ ತಪ್ಪಿಸಿಕೊಂಡವಳು.

"ಸಾಲಿ ಬಿಡಿಸಿದ್ರ ನಮ್ಮಪ್ಪ ಮದಿವಿ ಮಾಡ್ತಾನ್ರಿ ಅಕ್ಕೋರ. ಗಂಡು ಕಂಪ್ಲ್ಯಾಗ ಐತಿ."

ಅಂದರೆ ಅಲ್ಲೂ ಕಂಪ್ಲಿಗೇ ಗೆಲುವು. (ಕ್ಷಮಿಸಿ, ಇದು ನಗುವ ಜಾಗವಲ್ಲ.)

೨

ಉಚ್ಚೆಂಗಮ್ಮ ಎದ್ದು ನಿಂತು, "ಆಗಲ್ಲ ಸರ್" ಅಂದಳು.

ಇದನ್ನು ಬರೆದು ಹೊಡೆದುಹಾಕಿದೆ. ಅವಳೇ ತಕರಾರು ತೆಗೆದಳು: "ನೀವು ಮನ್ಯಾಗ ಕುಂತು ಧೈರ್ಯ ಬರೀತೀರಿ. ನನ್ನ ಸಂಡೂರಿಗೆ ಎತ್ತಿ ಹಾಕಿದ್ರ ದಿನಾ ಬಸ್ಸಿನ್ಯಾಗ ನೀವು ಜೋತಾಡ್ತೀರೇನು?"

ನಿಜ. ಇನ್ನೊಂದು ನಿಜವನ್ನು ಅವಳು ಹೇಳಲಿಲ್ಲ. ಕಂಪ್ಲಿಯ ಗಣಿತದ ಫಲಿತಾಂಶ ಕಂಡಾಗ ಅವಳಿಗೂ ಹೊಟ್ಟೆ ಉರಿದಿತ್ತು. ವಿರುಪಮ್ಮ ಪಾಸಾಗಲಿ ಅನ್ನಿಸುವುದು ಹುಡುಗಿಯ ಮೇಲಿನ ಪ್ರೀತಿಗೋ, ಪರ್ಸೆಂಟಿನ ಮೇಲಿನ ಆಸೆಗೋ, ಅವಳಿಗೆ ಗೊತ್ತಿಲ್ಲ. ನನಗೂ.

೪

(ಮೂರನೆಯದನ್ನು ಹರಿದುಹಾಕಿದೆ, ಅದರಲ್ಲಿ ಎಲ್ಲರೂ ಭಾಷಣ ಮಾಡುತ್ತಿದ್ದರು.)

ಕಮಲಾಪುರದಲ್ಲಿ ಗಣಿತ ಶಿಕ್ಷಕರ ಸಭೆ. ಕಂಪ್ಲಿಯ ಟೀಚರು ಎರ್ರೆಮ್ಮ ಪಕ್ಕದಲ್ಲೇ ಕೂತಿದ್ದಳು. ಉಚ್ಚೆಂಗಮ್ಮ ಕೇಳಿಯೇಬಿಟ್ಟಳು: "ಹೋದ ವರ್ಷ ಅಷ್ಟು ಮಂದಿನ ಹೆಂಗ ಪಾಸ್ ಮಾಡಿಸಿದ್ರೀ?"

"ಎಲ್ಲಿ ಮಾಡಿಸಿದ್ವಿ? ಫೇಲಾಗೋರ್ನ ಕುಂದ್ರಿಸ್ಲಿಲ್ಲ, ಅಷ್ಟ. ಹೊಸಪೇಟ್ಯಾಗ ಹಂಗ ಮಾಡ್ತಾರಂತ ನಮ್ಮ ಹೆಡ್ಮಾಸ್ಟ್ರು ಹೇಳಿದ್ರಲ್ಲ!"

"ನಾವಿನ್ನೂ ಮಾಡೇ ಇಲ್ರೀ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಎಲ್ಲಿ ನೋಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

೫

ಅಂತ್ಯಗಳು. ಉಚ್ಚೆಂಗಮ್ಮ ಸಹಿ ಹಾಕಿದಳು, ವಿರುಪಮ್ಮ ಪಾಸು. (ತೀರಾ ಸಿಹಿ.) ಅಥವಾ, ಸಹಿ ಹಾಕಿದಳು, ಹುಡುಗಿ ಗಣಿತದಲ್ಲಿ ಫೇಲು, ಶಾಲೆ ಸಂಡೂರಿಗಿಂತಲೂ ಕೆಳಗೆ. (ಇಷ್ಟು ಕಹಿಯನ್ನು ಯಾರಿಗೆ ಬಡಿಸಲಿ?) ಯಾವುದನ್ನು ಇಟ್ಟುಕೊಳ್ಳಬೇಕೆಂದು ತೋಚದೆ ಕೂತಿದ್ದೆ.

ವಿರುಪಮ್ಮ ರೇಗಿದಳು: "ನೀವೂ ಹೆಡ್ಮಾಸ್ಟರಂಗ ಆದ್ರಲ್ರೀ! ಪಾಸಾಗ್ತಾಳೋ ಇಲ್ಲೋ ಅಂತ ಮೊದ್ಲು ನೋಡಿ, ಆಮ್ಯಾಲ ಪರೀಕ್ಷಿಗೆ ಕುಂದ್ರಿಸ್ತೀರೇನು?"

ಉಚ್ಚೆಂಗಮ್ಮ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಹಿ ಹಾಕಿದಳೇ ಅಂತ ನನ್ನನ್ನು ಕೇಳಬೇಡಿ. ಅವಳ ಭುಜ ಅಡ್ಡ ಬಂದಿದೆ, ನನಗೆ ಕಾಣುತ್ತಿಲ್ಲ.