ಸಂಜೆಗೆ ಇಬ್ಬರು

ಈಜುಕೊಳದ ಮ್ಯಾನೇಜರ್ ಆದ ಮೇಲೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲಬೇಕು ಹೇಳಿ? ವರ್ಷಗಟ್ಟಲೆ ಟಿಕೆಟ್ ಹರಿದವಳು ಈಗ ಗಾಜಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ತಮ್ಮ ಅದೇ ಕೊಳದಲ್ಲಿ ಕಾವಲಿನವನು, ಅಂದರೆ ಯಾರಾದರೂ ಮುಳುಗಿದರೆ ಹಾರಿ ಎತ್ತುವವನು. ಬರುವ ತಿಂಗಳು ಈಜು ತರಬೇತುದಾರನ ಪರೀಕ್ಷೆಗೆ ಇಳಿಯುವವನಿದ್ದ. ಚಿಕ್ಕಂದಿನಿಂದ ಅವನಿಗೆ ಇದ್ದದ್ದು ಅದೊಂದೇ ಆಸೆ. ಅಕ್ಕನಿಗೂ ಅದರದ್ದೇ ಜಪ.

ಹಳೇ ಮ್ಯಾನೇಜರ್ ಕಾಲದಿಂದಲೂ ಕಾವಲಿಗೆ ಬೆಳಗ್ಗೆ ಇಬ್ಬರು, ಸಂಜೆ ಒಬ್ಬ. ಅಕ್ಕನಿಗೆ ಹೊಸ ಹುರುಪು ನೋಡಿ, ಗೇಟಿನ ಲೆಕ್ಕ ತರಿಸಿಕೊಂಡು ಗ್ರಾಫ್ ಬರೆದಳು. ಏಳು ಗಂಟೆಯವರೆಗೆ ಒಟ್ಟು ಎಷ್ಟು ಜನ ಬಂದರು, ಎಂಟರವರೆಗೆ ಒಟ್ಟು ಎಷ್ಟು, ಹೀಗೆ ಹಿಂದಿನದಕ್ಕೆ ಕೂಡಿಸುತ್ತಾ ಹೋಗುವ ಗ್ರಾಫ್. ಗೆರೆ ಬೆಳಗ್ಗೆ ಸರ್ರನೆ ಏರಿ, ಮಧ್ಯಾಹ್ನ ನಿಧಾನವಾಗಿ, ಸಂಜೆ ಹೊತ್ತಿಗೆ ಕಾಗದದ ಮೇಲಿನ ತುದಿ ಮುಟ್ಟಿ ಅಲ್ಲೇ ಮಟ್ಟಸವಾಗಿತ್ತು. ಅದಕ್ಕೆ ಬಣ್ಣ ಬೇರೆ ಹಚ್ಚಿ ಗೋಡೆಗೆ ಅಂಟಿಸಿದಳು.

"ನೋಡಿ, ಸಂಜೆ ಗೆರೆ ಎಲ್ಲಿದೆ? ನೆತ್ತಿ ಮೇಲೆ! ಬೆಳಗ್ಗೆ ಇನ್ನೂ ತಳದಲ್ಲೇ ಇದೆ. ನಾಳೆಯಿಂದ ಸಂಜೆಗೆ ಇಬ್ಬರು, ಬೆಳಗ್ಗೆ ಒಬ್ಬ ಸಾಕು," ಅಂದಳು ಎಲ್ಲರನ್ನೂ ಸೇರಿಸಿ.

ತಮ್ಮ ಗ್ರಾಫನ್ನೇ ನೋಡುತ್ತಾ ನಿಂತ. "ಅಕ್ಕ, ಬೆಳಗ್ಗೆ ತುಂಬಾ ಗಲಾಟೆ ಇರುತ್ತಲ್ಲ..."

"ಲೆಕ್ಕದ ಮುಂದೆ ನಿನ್ನ ಗಲಾಟೆ ನಡೆಯಲ್ಲ ಕಣೋ!"

ಎಲ್ಲರೂ ನಕ್ಕರು. ಅವನೂ ನಕ್ಕ. ಹಾಗಾದರೆ ಬೆಳಗಿನ ಪಾಳಿ ನಾನೇ ನೋಡ್ಕೋತೀನಿ ಅಂದ.

ಮುಂದಿನ ವಾರವೇ ಆಗಬಾರದ್ದು ಆಯಿತು. ಬೆಳಗ್ಗೆ ಶಾಲೆ ಮಕ್ಕಳು, ವಾಕಿಂಗ್ ಮುಗಿಸಿ ಬಂದ ಮುದುಕರು, ನೀರಿನಲ್ಲಿ ಕಾಲಿಡಲು ಜಾಗವಿಲ್ಲ. ಆಳದ ಕಡೆ ಒಬ್ಬ ಹುಡುಗಿ ಮುಳುಗಿದಳು. ತಮ್ಮ ಅವಳನ್ನು ಎತ್ತಿ ಅಂಚಿಗೆ ಕೂರಿಸುವಷ್ಟರಲ್ಲಿ ಆಚೆ ತುದಿಯಲ್ಲಿ ಒಬ್ಬ ಮುದುಕ ಕೈಕಾಲು ಬಡಿಯತೊಡಗಿದ. ನೋಡಲು ಇನ್ನೊಬ್ಬ ಕಾವಲಿನವನಿಲ್ಲ. ತಮ್ಮ ಹಿಂದೆಮುಂದೆ ನೋಡದೆ ಓಡಿ ಹಾರಿದ, ಭುಜ ಕಲ್ಲಿನ ಅಂಚಿಗೆ ಬಡಿಯಿತು. ಒಂದೇ ಕೈಯಲ್ಲಿ ಮುದುಕನನ್ನು ಎಳೆದು ತಂದ. ಹುಡುಗಿ, ಮುದುಕ ಇಬ್ಬರೂ ಉಳಿದುಕೊಂಡರು. ಪೆಟ್ಟು ಬಿದ್ದ ಕೈ ಇನ್ನು ತಲೆಯ ಮೇಲಕ್ಕೆ ಏಳುವುದಿಲ್ಲ, ಪರೀಕ್ಷೆಯ ಮಾತು ಬಿಟ್ಟುಬಿಡಿ ಅಂದರು ಡಾಕ್ಟರು.

ಆಸ್ಪತ್ರೆಯಿಂದ ಬಂದ ಅಕ್ಕ ಗ್ರಾಫಿನ ಮುಂದೆ ನಿಂತಳು. ಈಗ ಕಣ್ಣಿಗೆ ಹೊಡೆಯಿತು. ಸಂಜೆಯ ಎತ್ತರದಲ್ಲಿ ಬೆಳಗ್ಗೆ ಬಂದವರೂ ಸೇರಿದ್ದಾರೆ, ಅವರೆಲ್ಲ ಮನೆಗೆ ಹೋಗಿ ಉಂಡು ಮಲಗಿ ಎದ್ದೂ ಆಗಿದೆ! ಜನ ನುಗ್ಗುವುದು ಗೆರೆ ಸರ್ರನೆ ಏರುವ ಹೊತ್ತಿನಲ್ಲಿ. ಸಂಜೆ ಗೆರೆ ಮಲಗಿಬಿಟ್ಟಿದೆ, ಹೊಸದಾಗಿ ಬರುವವರೇ ಇಲ್ಲ. ಅಯ್ಯೋ, ಇಷ್ಟು ಕಾಣಲಿಲ್ಲವಲ್ಲ ನನ್ನ ಸುಡುಗಾಡು ಕಣ್ಣಿಗೆ ಅಂತ ಹಣೆ ಚಚ್ಚಿಕೊಂಡಳು.

ವಾಪಸ್ಸು ಓಡಿ ಹೋಗಿ ತಮ್ಮನ ಮಂಚದ ಪಕ್ಕ ಕೂತಳು. "ತಪ್ಪು ಓದಿದೆ ಕಣೋ. ಎತ್ತರ ನೋಡಿದೆ, ಏರು ನೋಡಲಿಲ್ಲ."

"ನನಗೂ ಅವತ್ತು ಹಾಗೇ ಅನ್ನಿಸ್ತು ಅಕ್ಕ."

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ?"

"ಸ್ಕೂಲಲ್ಲಿ ನಾನು ಲೆಕ್ಕದಲ್ಲಿ ಫೇಲಾದಾಗ, ಈ ಗ್ರಾಫ್ ಓದೋದು ಕೂರಿಸಿಕೊಂಡು ಕಲಿಸಿದ್ದು ನೀನೇ ಅಲ್ವಾ. ಅಕ್ಕ ತಪ್ಪಿರಲ್ಲ, ನಾನೇ ಮರೆತಿದ್ದೀನಿ ಅಂದುಕೊಂಡೆ."